ರಕ್ತ ಯಾರದು, ನೀರು ಯಾವೂರದು?

ದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು. ಒನಕೆ ಓಬವ್ವನ ಕಿಂಡಿ, ಮದಕರಿ ನಾಯಕನ ಸೆರೆ, ಈ ಎರಡು ಕತೆಗಳನ್ನು ಚಿತ್ರದುರ್ಗದ ಯಾವ ಹುಡುಗನನ್ನು ಕೇಳಿದರೂ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಕೋಟೆ ಬಿದ್ದ ಮೇಲೆ ಏನಾಯಿತು ಎಂದು ಕೇಳಿ ನೋಡಿ, ತಡವರಿಸುತ್ತಾನೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನಲ್ಲಿ ಅದರ ಉತ್ತರವಿದೆ, ಮೈ ಜುಮ್ಮೆನ್ನಿಸುವ ಉತ್ತರ! ಬೇಡರ ಪಡೆಗೆ ತಮ್ಮ ಪಾಳೆಯಗಾರ ಮದಕರಿಯ ಮೇಲಿದ್ದ ಕುರುಡು ನಿಷ್ಠೆಯೇ ಯುದ್ಧವನ್ನು ಅಷ್ಟು ಕಾಲ ಎಳೆಯಿತು ಎಂದುಕೊಂಡ ಹೈದರಾಲಿ, ಇಪ್ಪತ್ತು ಸಾವಿರ ಜನರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ತಕ್ಕ ವಯಸ್ಸಿನ ಹುಡುಗರನ್ನು ಬೇರೆ ಮಾಡಿ, ಮತಾಂತರಿಸಿ, ಅವರದೇ ದಂಡು ಕಟ್ಟಿದ. ಚೇಲಾ ಪಡೆ ಎಂದು ಅದರ ಹೆಸರು. ಮುಂದಿನ ಯುದ್ಧಗಳಲ್ಲಿ ಆ ಪಡೆಗಳು ಹೈದರಾಲಿಗೆ ಬಹಳ ಒದಗಿದವು.

ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಯಾರ ವಿರುದ್ಧ ಅಪ್ಪಂದಿರು ಬಂಡೆಗಳ ಸಂದಿಯಲ್ಲಿ ನಿಂತು ಕಾದಿದರೋ ಅವನ ಪರವಾಗಿಯೇ ಮಕ್ಕಳು ಕತ್ತಿ ಹಿಡಿದರು! ರಕ್ತ ಅದೇ. ಅಜ್ಜ ಅಜ್ಜಿಯರು ಅವರೇ. ಬದಲಾದದ್ದು ಊರು, ದೇವರು, ಅನ್ನ, ಜೊತೆಗಾರರು, ಬೆಳಗ್ಗೆ ಎಬ್ಬಿಸುವ ಕಹಳೆ. ಹಾಗಾದರೆ ಆ ನಿಷ್ಠೆ ಎಲ್ಲಿತ್ತು, ರಕ್ತದಲ್ಲೋ ಕೋಟೆಯಲ್ಲೋ? ರಕ್ತದಲ್ಲಿದ್ದಿದ್ದರೆ ಅದು ಒಡೆಯನನ್ನು ಬದಲಿಸುತ್ತಿರಲಿಲ್ಲ. ಬರೀ ಕೋಟೆಯಲ್ಲಿದ್ದಿದ್ದರೆ ಸಾಗಿಸಿದ ಮೇಲೂ ಅವರು ಅಂಥ ಕಾದಾಳುಗಳಾಗಿ ಉಳಿದದ್ದು ಹೇಗೆ? ಇಂದಿನ ಯಾವ ವಿಜ್ಞಾನಿಯೂ ಇಂಥ ಪ್ರಯೋಗಕ್ಕೆ ಅನುಮತಿ ಕೇಳಲಾರ, ಕೇಳಿದರೆ ಜೈಲು. ಹದಿನೆಂಟನೆಯ ಶತಮಾನದ ಕ್ರೌರ್ಯ ಅದನ್ನು ನಮ್ಮ ಜಿಲ್ಲೆಯ ಮೇಲೆಯೇ ಮಾಡಿಬಿಟ್ಟಿತು.

ಮುಂದೆ ಬಂದ ಬ್ರಿಟಿಷರು ಆ ಪ್ರಶ್ನೆಗೆ ತೀರಾ ಸುಲಭದ ಉತ್ತರ ಹುಡುಕಿಕೊಂಡರು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಕಳ್ಳತನ ಕೆಲವು ಜಾತಿಗಳ ಹುಟ್ಟಿನಲ್ಲೇ ಇದೆ ಎಂದು ಕಾನೂನೇ ಸಾರಿತು. ತೊಟ್ಟಿಲ ಕೂಸೂ ಪೊಲೀಸರ ಪಟ್ಟಿಗೆ ಸೇರಿದ ಜಾತಿಯದು! ಅದು ರದ್ದಾಗಲು 1952ರವರೆಗೆ ಕಾಯಬೇಕಾಯಿತು. ವಿಜ್ಞಾನದ ಹೆಸರಿನಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ದುಬಾರಿಯಾದದ್ದು ನಮ್ಮ ದೇಶದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ.

ಹುಟ್ಟಿನ ಪಾಲು, ಬೆಳವಣಿಗೆಯ ಪಾಲುಗಳನ್ನು ಬೇರ್ಪಡಿಸಿ ಅಳೆಯಲು ಈಗ ಅವಳಿಗಳ ಬಳಿಗೆ ಹೋಗೋಣ. ಒಂದೇ ಅಂಡ ಸೀಳಿ ಹುಟ್ಟಿದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳ ಅವಳಿಗಳಲ್ಲಿ ಸಾಮಾನ್ಯ ಅಣ್ಣತಮ್ಮಂದಿರಷ್ಟೇ ಹೋಲಿಕೆ. ಎರಡೂ ಬಗೆಯವರು ಬೆಳೆಯುವುದು ಒಂದೇ ಮನೆಯಲ್ಲಿ. ಮೊದಲಿನವರು ಎರಡನೆಯವರಿಗಿಂತ ಎಷ್ಟು ಹೆಚ್ಚು ಹೋಲುತ್ತಾರೆ ಎಂದು ಅಳೆದರೆ ವಂಶವಾಹಿಯ ಕೈವಾಡ ಕಂಡೀತು. ಅವಳಿಗಳ ಕಡೆಗೆ ಮೊದಲು ಕಣ್ಣು ಹಾಯಿಸಿದವನು ಫ್ರಾನ್ಸಿಸ್ ಗಾಲ್ಟನ್, 1875ರಲ್ಲಿ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಟಿಂಕಾ ಪೋಲ್ಡರ್‌ಮನ್ ಮತ್ತು ಸಂಗಡಿಗರು ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದರು. ಒಂದು ಕೋಟಿ ನಲವತ್ತೈದು ಲಕ್ಷ ಜೋಡಿ! 17,804 ಗುಣಲಕ್ಷಣಗಳು! ಎತ್ತರ, ರಕ್ತದೊತ್ತಡ, ಸಿಟ್ಟು, ಸಂಕೋಚ, ಲೆಕ್ಕದ ಜಾಣತನ, ಖಿನ್ನತೆ, ಎಲ್ಲವೂ ಅದರಲ್ಲಿದ್ದವು. ವಂಶವಾಹಿಯ ಪಾಲು ಸರಾಸರಿ ಎಷ್ಟು ಬಂತು ಗೊತ್ತೆ? 49 ಶೇಕಡ. ಜಗಳವಾಡುತ್ತಿದ್ದ ಎರಡು ಪಕ್ಷಗಳ ನಡುವೆ ಗೆರೆ ಎಳೆದ ಹಾಗೆ, ಬಹುತೇಕ ನಟ್ಟನಡುವೆ.

ಇಲ್ಲಿಗೆ ನಿಲ್ಲಿಸಿ, ಅರ್ಧ ಹುಟ್ಟು ಅರ್ಧ ಬೆಳವಣಿಗೆ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಆ ಅರ್ಧ ಎಂಬುದು ನಮ್ಮ ನಿಮ್ಮೊಳಗಿನ ಪಾಲೇ ಅಲ್ಲ! ಅದೇನೆಂದು ತಿಳಿಯಲು ಹಿರಿಯೂರಿಗೆ ಹೋಗಬೇಕು.

ವೇದಾವತಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಜಾಗ ಮಾರಿಕಣಿವೆ. ಮೈಸೂರು ಅರಸರು 1907ರಲ್ಲಿ ಅಲ್ಲಿ ಅಣೆಕಟ್ಟು ಮುಗಿಸಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಹೆಸರಿನಿಂದ ವಾಣಿವಿಲಾಸ ಸಾಗರ ಎಂದು ಕರೆದರು. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರಲ್ಲಿ, 89 ವರ್ಷಗಳ ಮೇಲೆ! ಸ್ವಾರಸ್ಯ ಇನ್ನೊಂದಿದೆ. ಹಿನ್ನೀರು ಹರಡಿಕೊಳ್ಳುವುದು ಹೊಸದುರ್ಗದ ಕಡೆಗೆ. ಕಾಲುವೆ ಹರಿಯುವುದು ಹಿರಿಯೂರಿನ ಹೊಲಗಳಿಗೆ. ನೀರು ಕಣ್ಣೆದುರು ನಿಂತಿರುವ ತಾಲ್ಲೂಕಿನಲ್ಲಿ ರೈತ ಮುಗಿಲು ನೋಡುತ್ತಾನೆ, ಕಣಿವೆಯ ಆಚೆಯವನು ತೂಬು ನೋಡುತ್ತಾನೆ.

ಒಂದು ಚೀಲ ಬೆರಕೆ ಶೇಂಗಾ ಬೀಜ ತನ್ನಿ. ಬೊಗಸೆಯಷ್ಟನ್ನು ಹಿರಿಯೂರಿನ ಕಾಲುವೆ ಕೆಳಗಿನ ಹೊಲದಲ್ಲಿ ಬಿತ್ತಿ, ಇನ್ನೊಂದು ಬೊಗಸೆಯನ್ನು ಹೊಸದುರ್ಗದ ಮಳೆಯಾಧಾರಿತ ಹೊಲದಲ್ಲಿ. ಕಾಲುವೆ ಹೊಲದಲ್ಲಿ ಪ್ರತಿ ಗಿಡಕ್ಕೂ ನೀರು ಸಮ, ಗೊಬ್ಬರ ಸಮ. ಆದರೂ ಒಂದು ಗಿಡ ದೊಡ್ಡದು, ಪಕ್ಕದ್ದು ಚಿಕ್ಕದು. ಈ ವ್ಯತ್ಯಾಸ ಎಲ್ಲಿಂದ ಬಂತು? ಪೂರ್ತಿ ಬೀಜದಿಂದ. ಈಗ ಎರಡೂ ಹೊಲಗಳ ಸರಾಸರಿ ಇಳುವರಿ ಹೋಲಿಸಿ. ಆ ವ್ಯತ್ಯಾಸ ಎಲ್ಲಿಂದ ಬಂತು? ಪೂರ್ತಿ ನೀರಿನಿಂದ. ಬೀಜ ಅವೇ, ಉತ್ತರ ಎರಡು, ಎರಡೂ ನಿಜ! ಆ 49ರಂಥ ಅನುವಂಶೀಯತೆಯ ಶೇಕಡಾವಾರು ಅಳೆಯುವುದು ಒಂದು ಹೊಲದೊಳಗಿನ ಏರುಪೇರನ್ನು ಮಾತ್ರ. ಹೊಲ ಬದಲಾದರೆ ಅಂಕಿ ಬದಲಾಗುತ್ತದೆ. ಹೊಲಕ್ಕೂ ಹೊಲಕ್ಕೂ ಇರುವ ಅಂತರದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಈ ಒಂದು ವಿಷಯ ತಲೆಗೆ ಹೋಗದೆ ಎಷ್ಟು ದೊಡ್ಡ ದೊಡ್ಡ ಪ್ರೊಫೆಸರರು ಒಂದು ಜನಾಂಗಕ್ಕಿಂತ ಇನ್ನೊಂದು ಹುಟ್ಟಿನಿಂದಲೇ ದಡ್ಡ ಎಂದು ಬರೆದು ಮುಖಭಂಗ ಅನುಭವಿಸಿದ್ದಾರೆ!

ಹೊಲ ಬದಲಾದರೆ ಅಂಕಿ ಬದಲಾಗುವುದನ್ನು ಮನುಷ್ಯರಲ್ಲಿ ಯಾರಾದರೂ ನೋಡಿದ್ದಾರೆಯೇ? ನೋಡಿದ್ದಾರೆ. 2003ರಲ್ಲಿ ಅಮೆರಿಕದ ಎರಿಕ್ ಟರ್ಕ್‌ಹೈಮರ್ ಏಳು ವರ್ಷದ ಅವಳಿಗಳ ಬುದ್ಧಿಮತ್ತೆಯ ಲೆಕ್ಕವನ್ನು ಮನೆಯ ಸ್ಥಿತಿಗತಿಗೆ ತಕ್ಕಂತೆ ಬಿಡಿಸಿ ನೋಡಿದ. ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳ ನಡುವಿನ ವ್ಯತ್ಯಾಸದ ಬಹುಪಾಲು ವಂಶವಾಹಿಯ ಲೆಕ್ಕಕ್ಕೆ ಬಂತು. ಕಡುಬಡವರ ಮನೆಗಳಲ್ಲಿ? ಹತ್ತಿರ ಹತ್ತಿರ ಸೊನ್ನೆ! ಹಸಿವು, ಗಲಾಟೆ, ಪುಸ್ತಕವಿಲ್ಲದ ಗೋಡೆಗಳು ಬೀಜದ ಗುಣವೇ ತಲೆಯೆತ್ತದಂತೆ ಅದುಮಿಬಿಟ್ಟಿದ್ದವು. ಮುಂದೆ ಯುರೋಪಿನಲ್ಲಿ ಇದೇ ಲೆಕ್ಕ ಹಾಕಿದಾಗ ಆ ಅಂತರ ಕಾಣಲಿಲ್ಲ. ನನಗಂತೂ ಇದು ಮೊದಲಿನದಕ್ಕಿಂತ ಹೆಚ್ಚು ರೋಮಾಂಚಕ. ಆಸ್ಪತ್ರೆ, ಶಾಲೆ, ಊಟ ಎಲ್ಲರಿಗೂ ಒಂದು ಮಟ್ಟಕ್ಕೆ ಸಿಗುವ ದೇಶಗಳಲ್ಲಿ ಕಾಲುವೆ ಎಲ್ಲ ಹೊಲಗಳಿಗೂ ಮುಟ್ಟಿದೆ ಎಂದೇ ಅದನ್ನು ಓದಬೇಕು ಅನ್ನಿಸುತ್ತದೆ.

ಬೀಜ ನೀರುಗಳ ಈ ಕೂಡಾಟವನ್ನು ಒಂದೇ ಒಂದು ಹನಿ ರಕ್ತದಲ್ಲಿ ತೋರಿಸಬಹುದು. ಫಿನೈಲ್‌ಕೀಟೋನೂರಿಯ ಎಂಬ ಕಾಯಿಲೆ ಇದೆ. ಒಂದು ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ದೇಹ ಅರಗಿಸಲಾರದು. ಹಾಲಿನಲ್ಲಿ, ಬೇಳೆಯಲ್ಲಿ, ಮೊಟ್ಟೆಯಲ್ಲಿ ಇರುವ ಅದು ರಕ್ತದಲ್ಲಿ ಕೂಡಿಬೀಳುತ್ತ ಕೂಸಿನ ಮಿದುಳನ್ನೇ ಹಾಳುಗೆಡವುತ್ತದೆ. ಅಪ್ಪಟ ವಂಶಪಾರಂಪರ್ಯ, ಎರಡು ಮಾತಿಲ್ಲ. 1950ರ ದಶಕದ ಮೊದಲಲ್ಲಿ ಹೋರ್ಸ್ಟ್ ಬಿಕೆಲ್ ಎಂಬ ವೈದ್ಯ ಆ ಆಮ್ಲವನ್ನು ಬಹುಮಟ್ಟಿಗೆ ತೆಗೆದ ಆಹಾರ ಕೊಟ್ಟು ನೋಡಿದ. ಮಗುವಿನಲ್ಲಿ ಸುಧಾರಣೆ ಕಂಡಿತು! ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಪಥ್ಯ ಶುರುಮಾಡಿದರೆ ಅಂಥ ಮಕ್ಕಳು ಎಲ್ಲರಂತೆ ಓದುತ್ತಾರೆ, ಎಲ್ಲರಂತೆ ಕೆಲಸಕ್ಕೆ ಹೋಗುತ್ತಾರೆ. ವಂಶವಾಹಿ ಕೆಟ್ಟದ್ದು ಕೆಟ್ಟಂತೆಯೇ ಇದೆ, ಬದಲಾದದ್ದು ತಟ್ಟೆ. ಕಾಯಿಲೆಗೆ ಕಾರಣ ವಂಶವಾಹಿಯೋ ಊಟವೋ? ಎರಡೂ ನೂರಕ್ಕೆ ನೂರು. ಒಂದನ್ನು ತೆಗೆದರೂ ಕಾಯಿಲೆ ಇಲ್ಲ.

ನಮ್ಮ ನಾಡಿಗೆ ಇದು ದೂರದ ಸುದ್ದಿಯೇನಲ್ಲ. ಸೋದರಮಾವನಿಗೆ ಕೊಡುವುದು, ಅತ್ತೆ ಮಗಳನ್ನು ತರುವುದು ನಾವು ನೆಂಟಸ್ತನ ಉಳಿಸಿಕೊಳ್ಳುವ ಹಳೆಯ ದಾರಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದ ಹನಿಗಳಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕಿದರು. ಭಾರತದಲ್ಲಿ ನವಜಾತ ತಪಾಸಣೆ ಎಂಬ ಮಾತೇ ಅಪರೂಪವಾಗಿದ್ದ ಕಾಲ ಅದು! ಬ್ರಿಟನ್ನಿನ ಎ.ಎಚ್. ಬಿಟಲ್ಸ್ ಜೊತೆಗೂಡಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ತಂದೆತಾಯಿಗಳ ನೆಂಟಸ್ತಿಕೆಯನ್ನೂ ವಿಚಾರಿಸಿದಾಗ, ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಅಪರೂಪದ ಒಂದು ದೋಷದ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಸೇರಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಯಾವ ವಂಶವಾಹಿಗಳು ಯಾರ ಮೈಸೇರಬೇಕು ಎಂದು ನಿರ್ಧರಿಸಿದ್ದು ಏನು? ಒಂದು ಸಂಪ್ರದಾಯ! ಜಮೀನು ಒಡೆಯಬಾರದು, ಹೆಣ್ಣು ದೂರವಾಗಬಾರದು ಎಂಬ ಲೆಕ್ಕಾಚಾರ. ಪರಿಸರ ವಂಶವಾಹಿಯ ಹೊರಗೆ ಕಾಯುತ್ತಾ ನಿಂತಿಲ್ಲ. ಅದು ಮದುವೆಯ ಚಪ್ಪರದಲ್ಲೇ ಕೂತು ವಂಶವಾಹಿಗಳನ್ನು ಆರಿಸುತ್ತಿದೆ.

ಬಸಿರಿನಲ್ಲೂ ಅದೇ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು, ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳ ದಾಖಲೆಯನ್ನು ಜೋಪಾನ ಮಾಡಿದ್ದರು. ಆ ದಫ್ತರಗಳ ಬಲದಿಂದ ಅಲ್ಲಿ ಜಗತ್ತೇ ಗಮನಿಸುವ ಸಂಶೋಧನೆ ಬೆಳೆಯಿತು. ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮತ್ತು ಅವರ ತಂಡ ಬಸುರಿಯರ ರಕ್ತ ಪರೀಕ್ಷಿಸಿ, ಹುಟ್ಟಿದ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಅವರ ನೆನಪು, ಕಲಿಕೆ, ಮಾತಿನ ಚುರುಕು ಅಳೆದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಷ್ಟೂ ಮಗುವಿನ ಅಂಕಗಳು ಮೇಲಿದ್ದವು. ಫೋಲೇಟ್ ಎಂದರೆ ಬೇರೇನಲ್ಲ, ಸೊಪ್ಪು ಮತ್ತು ಕಾಳುಗಳಲ್ಲಿ ಇರುವ ಒಂದು ಜೀವಸತ್ವ. ಬಸ್ಸಾರಿನ ಪಾತ್ರೆಗೂ ಹತ್ತು ವರ್ಷದ ಮೇಲಿನ ಒಂದು ಪರೀಕ್ಷೆಗೂ ನಂಟು!

ನೀರಿಗೂ ನಂಟಿದೆ, ಅದು ಕಹಿಯಾದದ್ದು. ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹಲ್ಲು ನೋಡಿದರೇ ತಿಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಮತ್ತೆ ತಗ್ಗುವುದಕ್ಕೂ ಸಂಬಂಧವಿದೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆ ಎಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ತೀರ್ಮಾನಿಸಿತು. ಹಲ್ಲಿನ ಕಲೆಗಳನ್ನಷ್ಟೇ ಎಣಿಸುತ್ತಿದ್ದ ನಾವು ಇನ್ನು ಅದರ ಹಿಂದಿನ ತಲೆಯ ಬಗ್ಗೆಯೂ ಯೋಚಿಸಬೇಕು.

ಅನ್ನ ನೀರುಗಳಂತೆ ಆಸರೆಯೂ ಮಿದುಳನ್ನು ತಿದ್ದುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮ ನಿಮಗೆ ಗೊತ್ತಿರಬಹುದು. ‘ತಿರುಕ’ ಎಂಬ ಹೆಸರಿನಲ್ಲೇ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿ ಜೋಳಿಗೆ ಹಿಡಿದು ಕಟ್ಟಿದ್ದು. ಯೋಗ, ವ್ಯಾಯಾಮ, ಪಾಠ, ಹೊತ್ತಿಗೆ ಸರಿಯಾಗಿ ಊಟ. ತಬ್ಬಲಿ ಮಗುವಿಗೆ ತಾನು ಯಾರಿಗೋ ಸೇರಿದವನು ಎನ್ನಿಸಿದರೆ ಮಿದುಳಿಗೆ ಏನಾಗುತ್ತದೆ ಎಂಬುದಕ್ಕೆ ರೊಮೇನಿಯಾದಲ್ಲಿ ಉತ್ತರ ಸಿಕ್ಕಿತು. ಬುಖಾರೆಸ್ಟ್ ನಗರದ ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು, ಚೀಟಿ ಎತ್ತಿದಂತೆ ಆರಿಸಿ, ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸೇರಿದವರ ಮಿದುಳಿನ ವಿದ್ಯುತ್ ತರಂಗಗಳೇ ಬದಲಾಗಿ ಮನೆಯಲ್ಲಿ ಬೆಳೆದ ಮಕ್ಕಳಂತಾದವು! ತಡವಾಗಿ ಹೋದವರಲ್ಲಿ ಅಷ್ಟು ಚೇತರಿಕೆ ಕಾಣಲಿಲ್ಲ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಆಚೆ ಗುಡಿಸಲಲ್ಲಿ ಇಡುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಹೆಂಗಸರನ್ನು ಹೀಗೆ ಹೊರಗಿಡುವುದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದಿದೆ. ಬುಖಾರೆಸ್ಟಿನ ಲೆಕ್ಕ ಓದಿದವರಿಗೆ ಆ ಗುಡಿಸಲಿನ ಚಳಿ ಬರೀ ಮೈಯ ಚಳಿಯಾಗಿ ಕಾಣುವುದಿಲ್ಲ.

ಇಷ್ಟು ಹೊತ್ತು ಊರು, ನೀರು, ಅನ್ನ ಮನುಷ್ಯನನ್ನು ತಿದ್ದುವುದನ್ನು ನೋಡಿದೆವು. ಈಗ ತಿರುಗಿಸಿ ನೋಡಿ: ವಂಶವಾಹಿಯೇ ಊರನ್ನು ಹುಡುಕಿಕೊಂಡು ಹೋದರೆ?

ಕ್ಲೇರ್ ಹಾವರ್ತ್ ಮತ್ತು ಸಂಗಡಿಗರು ನಾಲ್ಕು ದೇಶಗಳ 11,000 ಅವಳಿ ಜೋಡಿಗಳ ಲೆಕ್ಕ ಕೂಡಿಸಿದಾಗ ಕಂಡದ್ದು ಯಾರೂ ಊಹಿಸುವಂಥದ್ದಲ್ಲ. ಬುದ್ಧಿಮತ್ತೆಯ ಏರುಪೇರಿನಲ್ಲಿ ವಂಶವಾಹಿಯ ಪಾಲು ಒಂಬತ್ತನೆಯ ವಯಸ್ಸಿಗೆ 41 ಶೇಕಡ, ಹನ್ನೆರಡಕ್ಕೆ 55, ಹದಿನೇಳಕ್ಕೆ 66! ದೊಡ್ಡವರಾದಂತೆ ಲೋಕದ ಪ್ರಭಾವ ಹೆಚ್ಚಬೇಕಿತ್ತಲ್ಲವೆ? ಹೆಚ್ಚಿದ್ದು ಹುಟ್ಟಿನ ಪ್ರಭಾವ. ಕಾರಣ ಹೀಗಿರಬಹುದು. ಚಿಕ್ಕವರಿದ್ದಾಗ ಅಪ್ಪ ಅಮ್ಮ ಕೂರಿಸಿದಲ್ಲಿ ಕೂರುತ್ತೇವೆ. ಮೀಸೆ ಚಿಗುರಿದ ಮೇಲೆ ನಮ್ಮ ಸ್ನೇಹಿತರನ್ನು, ಪುಸ್ತಕವನ್ನು, ಆಟದ ಬಯಲನ್ನು ನಾವೇ ಆರಿಸುತ್ತೇವೆ. ಒಳಗಿನ ಒಲವು ತನಗೆ ಒಗ್ಗುವ ಜಾಗ ಹುಡುಕಿ, ಆ ಜಾಗ ಅದೇ ಒಲವನ್ನು ಇನ್ನಷ್ಟು ಬಲಿಸುತ್ತದೆ.

ಕೋಟೆಗೆ ಹೋದವರೆಲ್ಲ ಕತ್ತೆತ್ತಿ ನೋಡಿರುವ ಜ್ಯೋತಿರಾಜ್, ಅಂದರೆ ನಮ್ಮ ಕೋತಿರಾಜ್, ಹಗ್ಗವಿಲ್ಲದೆ ಆ ಗೋಡೆಗಳನ್ನು ಹತ್ತುವುದನ್ನು ಇದೇ ಕಣ್ಣಿನಿಂದ ನೋಡಿ. ತಮಿಳುನಾಡಿನಲ್ಲಿ ಹುಟ್ಟಿದವರು. ಹತ್ತುವುದನ್ನು ಕಲಿತದ್ದು ಮಂಗಗಳನ್ನು ನೋಡಿ. ಪರ್ವತಾರೋಹಣದ ಶಾಲೆ ಇಲ್ಲ, ಗುರು ಇಲ್ಲ. ಅಮೆರಿಕದ ಅಲೆಕ್ಸ್ ಹಾನಲ್ಡ್ ಎಂಬ ಇಂಥದೇ ಹಗ್ಗರಹಿತ ಏರುಗಾರನ ಮಿದುಳನ್ನು ಜೇನ್ ಜೋಸೆಫ್ ಎಂಬ ವಿಜ್ಞಾನಿ ಚಿತ್ರಿಸಿದಾಗ, ಭಯಾನಕ ಚಿತ್ರಗಳನ್ನು ತೋರಿಸಿದರೂ ಅವನ ಅಮಿಗ್ಡಲ, ಭಯದ ಗಂಟೆ ಬಾರಿಸುವ ಭಾಗ, ಮಿಸುಕಲೇ ಇಲ್ಲ. ಅದು ಹುಟ್ಟಿನಿಂದ ಹಾಗೋ, ವರ್ಷಗಟ್ಟಲೆ ಬಂಡೆಗೆ ಬೆರಳು ಕೊಟ್ಟು ಹಾಗಾದದ್ದೋ? ಒಂದನ್ನೊಂದು ಬಿಡಿಸುವುದು ಕಷ್ಟ, ಏಕೆಂದರೆ ಹೆದರದವನು ಹತ್ತುತ್ತಾನೆ, ಹತ್ತಿದವನು ಇನ್ನೂ ಹೆದರದವನಾಗುತ್ತಾನೆ. ಆ ಒಲವಿನ ಹುಡುಗ ಬೆಟ್ಟವೇ ಇಲ್ಲದ ಸೀಮೆಯಲ್ಲಿ ಉಳಿದಿದ್ದರೆ? ಏಳು ಸುತ್ತಿನ ಕಲ್ಲು ಎದುರಿಗೆ ಸಿಕ್ಕಿದ್ದೇ ಅರ್ಧ ಕತೆ.

ನೋವಿನ ಮಾತಿಗೆ ಬಂದರೆ ಕತೆ ಇನ್ನೂ ಬೆರಗು ಹುಟ್ಟಿಸುತ್ತದೆ. ಪಾಕಿಸ್ತಾನದ ಉತ್ತರ ಭಾಗದಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಕಾಸು ಗಳಿಸುತ್ತಿದ್ದ. ಅದೇ ಭಾಗದ ಬೇರೆ ಕೆಲವು ಕುಟುಂಬಗಳಲ್ಲೂ ನೋವೆಂಬುದೇ ಗೊತ್ತಿಲ್ಲದವರಿದ್ದರು. 2006ರಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು: ಎಸ್‌ಸಿಎನ್9ಎ ಎಂಬ ಒಂದೇ ವಂಶವಾಹಿ ಕೆಲಸ ನಿಲ್ಲಿಸಿತ್ತು. ಈಗ ಚಳ್ಳಕೆರೆ ಸೀಮೆಯ ಕ್ಯಾತಪ್ಪನ ಜಾತ್ರೆಗೆ ಬನ್ನಿ. ಮುಳ್ಳುಕಂಟಿಗಳನ್ನು ಒಟ್ಟಿ ಎತ್ತರಕ್ಕೆ ಕಟ್ಟಿದ ಗುಡಿ. ಕಾಡುಗೊಲ್ಲ ಯುವಕರು ಬರಿಗಾಲಲ್ಲಿ ಅದರ ಮೇಲೆ ಹತ್ತಿ ಕಳಶ ಇಳಿಸುತ್ತಾರೆ! ಇವರ ವಂಶವಾಹಿಗೆ ಏನೂ ಆಗಿಲ್ಲ, ಮಾರನೆಯ ದಿನ ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದರೆ ಎಲ್ಲರಂತೆ ಅಯ್ಯೋ ಎನ್ನುವವರೇ. ಹರಕೆ, ಕೇಕೆ, ಸುತ್ತ ನೆರೆದ ಬಂಧುಬಳಗ ಕೂಡಿ ಅದೇ ನರಗಳಿಂದ ಬೇರೆ ಅನುಭವ ಹೊರಡಿಸುತ್ತವೆ. ಸ್ಪೇನಿನ ಒಂದು ಹಳ್ಳಿಯಲ್ಲಿ ಕೆಂಡ ಹಾಯುವವರ ಎದೆಬಡಿತವನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಂಡದ ಮೇಲಿದ್ದವನ ಎದೆ ಬಡಿದುಕೊಂಡ ಲಯದಲ್ಲೇ ಗುಂಪಿನಲ್ಲಿ ಕೂತು ನೋಡುತ್ತಿದ್ದ ಅವನ ನೆಂಟರು, ಗೆಳೆಯರ ಎದೆಯೂ ಬಡಿದುಕೊಂಡಿತು. ಪರ ಊರಿನಿಂದ ಬಂದ ನೋಟಕರಲ್ಲಿ ಅದು ಕಾಣಲಿಲ್ಲ! ಕ್ಯಾತಪ್ಪನ ಗುಡಿಯ ಮುಂದೆ ಅದೇ ಯಂತ್ರ ಕಟ್ಟಿದರೆ ಏನು ಕಂಡೀತು ಎಂದು ಯೋಚಿಸಿದರೇ ಕೈ ತುರಿಸುತ್ತದೆ.

ಹಾಗಾದರೆ ಬುದ್ಧಿಯ ವಂಶವಾಹಿ ಯಾವುದು? ಕೇಳಬೇಡಿ! ‘ಯೋಧ ವಂಶವಾಹಿ’, ‘ಖಿನ್ನತೆಯ ವಂಶವಾಹಿ’ ಎಂದು ಪತ್ರಿಕೆಗಳು ಒಂದೊಂದನ್ನೇ ಮೆರವಣಿಗೆ ಮಾಡಿದ ಕಾಲ ಮುಗಿಯಿತು. ಲಕ್ಷಾಂತರ ಜನರ ಮಾಹಿತಿ ಸಿಕ್ಕಾಗ ಆ ಒಂಟಿ ವೀರರಲ್ಲಿ ಬಹುತೇಕರು ನಿಲ್ಲಲಿಲ್ಲ. ಒಬ್ಬ ವ್ಯಕ್ತಿ ಎಷ್ಟು ವರ್ಷ ಶಾಲೆ ಓದುತ್ತಾನೆ ಎಂಬುದರ ಬಗ್ಗೆ 2022ರಲ್ಲಿ ಮೂವತ್ತು ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ ಸುಮಾರು 4,000 ಜಾಗಗಳು ಸಿಕ್ಕವು, ಒಂದೊಂದರ ಪರಿಣಾಮವೂ ಕೂದಲೆಳೆಯಷ್ಟು. ಇಡೀ ಡಿಎನ್‌ಎಯ ಜಾಗಗಳನ್ನೆಲ್ಲ ಕೂಡಿಸಿದರೂ ಅವು ವ್ಯತ್ಯಾಸದಲ್ಲಿ 12ರಿಂದ 16 ಶೇಕಡವನ್ನಷ್ಟೇ ವಿವರಿಸಬಲ್ಲವು. ಅದೂ ಯುರೋಪ್ ಮೂಲದವರಲ್ಲಿ. ಆ ಅಂಕಪಟ್ಟಿಯನ್ನು ಹೊಸದುರ್ಗದ ಮಗುವಿಗೆ ಹಚ್ಚುವುದು ಬೇರೆಯವರ ಅಳತೆಯಲ್ಲಿ ಹೊಲಿದ ಅಂಗಿ ತೊಡಿಸುವ ಕೆಲಸ. ನಮ್ಮ ಅಳತೆಯ ಪಟ್ಟಿ ಈಗಷ್ಟೇ ಸಿದ್ಧವಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ದೇಶದ 83 ಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನೋಮ್ ಓದಿ ಮುಗಿಸಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿದೆ. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳು, ರಕ್ತ, ಊಟ, ನೆನಪುಗಳನ್ನು ವರ್ಷ ವರ್ಷವೂ ಅಳೆಯುತ್ತಿದೆ. ರಾಗಿ ತಿಂದು ಬೆಳೆದ ಮಿದುಳು ಮುಪ್ಪಾಗುವ ಬಗೆ ಮೊದಲ ಬಾರಿಗೆ ಇಷ್ಟು ಹತ್ತಿರದಿಂದ ದಾಖಲಾಗುತ್ತಿದೆ!

ನೆನಪು ಎಂದಾಗ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಬಿಟ್ಟು ಮುಂದೆ ಹೋಗಲಾಗದು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ಪದಗಳು ಬಾಯಲ್ಲಿದ್ದವು! ಕೃಷ್ಣಮೂರ್ತಿ ಹನೂರರು ಅವರ ಎದುರು ಕೂತು ಹಾಡುಗಳನ್ನು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಇದು ಹುಟ್ಟಿನಿಂದ ಬಂದ ಅಪರೂಪದ ನೆನಪೋ, ದನ ಕುರಿಗಳ ಹಿಂದೆ, ರಾತ್ರಿಯ ಸೋಬಾನೆಗಳಲ್ಲಿ ಕೇಳಿ ಕೇಳಿ ಬಲಿತದ್ದೋ? ಅದೇ ಹಟ್ಟಿಯಲ್ಲಿ ಅದೇ ಹಾಡು ಕೇಳಿ ಬೆಳೆದ ಎಲ್ಲರೂ ಸಿರಿಯಜ್ಜಿಯಾಗಲಿಲ್ಲ. ಸಿರಿಯಜ್ಜಿಯೇ ಹಾಡಿಲ್ಲದ ಮನೆಯಲ್ಲಿ ಹುಟ್ಟಿದ್ದರೆ ಆ ನೆನಪಿನಲ್ಲಿ ಏನು ತುಂಬಿಕೊಳ್ಳುತ್ತಿದ್ದರೋ.

ಅವರಿಗೆ ಅಕ್ಷರ ಬಾರದಿದ್ದದ್ದೇ ಇಲ್ಲಿ ಸೋಜಿಗದ ಕೀಲಿ. ಓದುವುದಕ್ಕೆಂದು ನಮ್ಮಲ್ಲಿ ಯಾವ ವಂಶವಾಹಿಯೂ ಹುಟ್ಟಿಬಂದಿಲ್ಲ. ಬರವಣಿಗೆಗೆ ಐದಾರು ಸಾವಿರ ವರ್ಷದ ಪ್ರಾಯ, ಅಷ್ಟರಲ್ಲಿ ಹೊಸ ಅಂಗವೊಂದು ಬೆಳೆಯುವುದು ಸಾಧ್ಯವಿಲ್ಲ. ಹಾಗಾದರೆ ನೀವು ಈ ಸಾಲನ್ನು ಯಾವುದರಿಂದ ಓದುತ್ತಿದ್ದೀರಿ? ಬೇರೆ ಕೆಲಸಕ್ಕಿದ್ದ ಮಿದುಳಿನ ಜಾಗವನ್ನು ಕಿತ್ತುಕೊಂಡು! ಫ್ರಾನ್ಸಿನ ಸ್ಟಾನಿಸ್ಲಾಸ್ ಡಿಹಾನ್ ಮತ್ತು ಸಂಗಡಿಗರು 2010ರಲ್ಲಿ ಓದು ಬಲ್ಲವರನ್ನೂ ಬಾರದವರನ್ನೂ ಹೋಲಿಸಿದಾಗ, ಅಕ್ಷರ ಕಲಿತವರ ಎಡ ಮಿದುಳಿನಲ್ಲಿ ಮುಖಗಳನ್ನು ಗುರುತಿಸುವ ಜಾಗ ಒಂದಿಷ್ಟು ಒತ್ತುವರಿಯಾಗಿತ್ತು. ದೊಡ್ಡವರಾದ ಮೇಲೆ ಕಲಿತರೆ? ಲಖನೌ ಹತ್ತಿರದ ಹಳ್ಳಿಗಳಲ್ಲಿ, ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು, ಆರು ತಿಂಗಳು ದೇವನಾಗರಿ ಕಲಿತರು. ಕಲಿಯುವ ಮೊದಲೂ ಆಮೇಲೂ ಅವರ ಮಿದುಳನ್ನು ಚಿತ್ರಿಸಿದ ಮೈಕೇಲ್ ಸ್ಕೈಡೆ, ಫಾಲ್ಕ್ ಹ್ಯೂಟಿಗ್ ಮತ್ತು ಭಾರತೀಯ ಸಂಗಡಿಗರು 2017ರಲ್ಲಿ ವರದಿ ಮಾಡಿದರು: ಮೇಲ್ಪದರದಲ್ಲಷ್ಟೇ ಅಲ್ಲ, ವಿಕಾಸದ ಲೆಕ್ಕದಲ್ಲಿ ಬಹಳ ಹಳೆಯದಾದ ಥಲಾಮಸ್ ಮತ್ತು ಮಿದುಳಿನ ಕಾಂಡದವರೆಗೆ ಬದಲಾವಣೆ ಇಳಿದಿತ್ತು. ಒಂದು ಸ್ಲೇಟು, ಒಂದು ಬಳಪ, ಆರು ತಿಂಗಳು!

ಸಿರಿಯಜ್ಜಿಯ ಹಟ್ಟಿಯಂಥ ಹಟ್ಟಿಗಳಲ್ಲಿ ಈಗ ಅಜ್ಜಿಗೆ ಓದು ಬಾರದು, ಮೊಮ್ಮಗಳು ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಕಾಲೇಜಿನಲ್ಲಿದ್ದಾಳೆ. ವಂಶವಾಹಿಯಲ್ಲಿ ಕಾಲುಭಾಗ ಒಂದೇ. ಒಬ್ಬರು ಹಾಡನ್ನು ಕಿವಿಯಲ್ಲಿ ಹಿಡಿದಿದ್ದಾರೆ, ಇನ್ನೊಬ್ಬಳು ಅದನ್ನೇ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತಾಳೆ. ಮಿದುಳು ಚಿತ್ರಿಸುವ ಯಂತ್ರಗಳು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿವೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ಅರ್ಧ ದಿನದ ದಾರಿ. ಅಕ್ಷರ ಕಲಿಯದೆ ರಾತ್ರಿಯಿಡೀ ಕತೆ ಹಾಡಬಲ್ಲ ಹೆಂಗಸರ ತಲೆಯಲ್ಲಿ ಓದಿಗೆ ಒತ್ತುವರಿಯಾಗದ ಆ ಜಾಗಗಳು ಏನು ಮಾಡುತ್ತಿವೆ ಎಂದು ನೋಡಬೇಕೆನ್ನುವವರು ಬೇಗ ಹೊರಡಬೇಕು. ಅಂಥವರಲ್ಲಿ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ.